ಪೆಡಲಕ್ಕನ ಬಲಗಾಲು

ಬೆಳಗಿನ ಆರು ಗಂಟೆ. ಬೀದಿದೀಪ ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರಿನ ಒಳಗೆ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಹಳೆಯ ಬಿಳಿ ಕಾರಿನ ಪಕ್ಕ ಒಂದು ಜೊತೆ ರಬ್ಬರ್ ಚಪ್ಪಲಿ ಬಿಟ್ಟಿದೆ, ಮನೆಯ ಬಾಗಿಲಲ್ಲಿ ಬಿಟ್ಟ ಹಾಗೆ. ಚಪ್ಪಲಿಯ ಒಡತಿ ಡ್ರೈವರ್ ಸೀಟಿನಲ್ಲಿ ಬರಿಗಾಲಲ್ಲಿ ಕೂತಿದ್ದಾರೆ. ವಯಸ್ಸು ಐವತ್ತೆರಡು. ಎರಡೂ ಕೈ ಮಡಿಲಲ್ಲಿವೆ, ಸ್ಟಿಯರಿಂಗಿನ ಗೊಡವೆಗೆ ಹೋಗುವುದೇ ಇಲ್ಲ. ಹೋಗುವುದಾದರೂ ಹೇಗೆ? ಹನ್ನೊಂದು ವರ್ಷದಿಂದ ದಿನಬೆಳಗಾದರೆ ಡ್ರೈವರ್ ಸೀಟಿನಲ್ಲಿ ಕೂರುವ ಈಕೆಗೆ ಗಾಡಿ ಓಡಿಸಲು ಬರುವುದಿಲ್ಲ.

ಕಾರಿನ ಕೆಳಗಿನಿಂದ ಒಂದು ಗಂಡು ದನಿ ಬರುತ್ತದೆ. "ಒತ್ತು."

"ಒತ್ತಿದೆ."

"ಹಿಡಿ."

"ಹಿಡಿದೆ."

ಚಕ್ರದ ಹಿಂದೆ ಎಲ್ಲೋ ಸುಯ್ ಅಂತ ಸದ್ದಾಗಿ, ಕಾಫಿ ಬಣ್ಣದ ಎಣ್ಣೆಯ ಜೊತೆ ನಾಲ್ಕು ಗುಳ್ಳೆ ಹೊರಬಿದ್ದು ಡಬ್ಬಿಗೆ ಇಳಿಯುತ್ತವೆ. ಪೆಡಲ್ ಆಕೆಯ ಅಂಗಾಲಿನ ಕೆಳಗೆ ಕುಸಿಯುತ್ತದೆ. ಆಕೆ ಕಾಲು ಎತ್ತುವುದಿಲ್ಲ.

"ಬಿಡು."

"ಬಿಟ್ಟೆ."

ಬ್ರೇಕಿನ ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ತೆಗೆಯುವುದು ಅಂದರೆ ಇಷ್ಟೇ. ಕೆಳಗೆ ಒಬ್ಬರು ತಿರುಪು ಬಿಚ್ಚಬೇಕು, ಮೇಲೆ ಒಬ್ಬರು ಪೆಡಲ್ ಒತ್ತಬೇಕು. ಕೆಳಗಿನವರು ತಿರುಪು ಮುಚ್ಚಿ ‘ಬಿಡು’ ಅನ್ನುವ ಮೊದಲು ಮೇಲಿನವರು ಕಾಲೆತ್ತಿದರೆ ಮುಗಿಯಿತು, ಹೊರಗಿನ ಗಾಳಿಯನ್ನು ಪೈಪು ಗುಟುಕ್ಕನೆ ನುಂಗುತ್ತದೆ. ಮತ್ತೆ ಮೊದಲಿನಿಂದ ಶುರು. ತಿರುಪು ತಿರುಗಿಸುವವನನ್ನು ಊರೆಲ್ಲ ಮೆಕ್ಯಾನಿಕ್ ಅಂತ ಕರೆಯುತ್ತದೆ. ಪೆಡಲ್ ಒತ್ತುವವರಿಗೆ ಹೆಸರೇ ಇಲ್ಲ. ಈ ಬೀದಿಯವರು ಮಾತ್ರ ತಮಾಷೆಗೆ ‘ಪೆಡಲಕ್ಕ’ ಅಂದರು, ಅದೇ ನಿಂತಿತು. ಕೆಳಗೆ ಮಲಗಿರುವ ಮೆಕ್ಯಾನಿಕ್ ಆಕೆಯ ಒಡಹುಟ್ಟಿದ ತಮ್ಮ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕ. ಒಂದು ಚಕ್ರಕ್ಕೆ ಕಮ್ಮಿಯೆಂದರೆ ಹದಿನೈದು ಸಲ ಈ ಮಾತುಕತೆ. ಪ್ರತಿ ಸಲಕ್ಕೂ ಮೂರು ಬಾರಿ ಒತ್ತಿ ಹಿಡಿಯಬೇಕು. ನಾಲ್ಕು ಚಕ್ರಕ್ಕೆ ನೂರ ಎಂಬತ್ತು ಒತ್ತು. ದಿನಕ್ಕೆ ಮೂರು ಗಾಡಿ ಬಂದರೆ ಐನೂರ ನಲವತ್ತು. ಹನ್ನೊಂದು ವರ್ಷದ್ದು ನೀವೇ ಗುಣಿಸಿಕೊಳ್ಳಿ. ಪೆಡಲಕ್ಕ ಗುಣಿಸಿಲ್ಲ, ಆಕೆಯ ಬಲ ಮಂಡಿ ಗುಣಿಸಿಟ್ಟುಕೊಂಡಿದೆ. ಅದು ಎಡಮಂಡಿಗಿಂತ ದಪ್ಪವಾಗಿದೆ, ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ. ಅಂಗಾಲಿನಲ್ಲಿ ಪೆಡಲಿನ ರಬ್ಬರಿನ ಗೆರೆಗಳು ಅಚ್ಚೊತ್ತಿವೆ.

"ಚಪ್ಪಲಿ ಹಾಕ್ಕೊಂಡು ಒತ್ತಬಾರದಾ?" ಅಂದರೆ ನಗುತ್ತಾರೆ. "ಚಪ್ಪಲಿ ಹಾಕಿದ್ರೆ ಕಾಲು ಕಿವುಡಾಗುತ್ತೆ ಕಣ್ರೀ. ಒಳಗೆ ಗಾಳಿ ಇದ್ರೆ ಪೆಡಲ್ ಸ್ಪಂಜಿನ ಥರ ಇರುತ್ತೆ. ಎಣ್ಣೆ ಸೋರ್ತಿದ್ರೆ ಮೊದಲು ಗಟ್ಟಿಯಾಗಿ ನಿಂತು, ಆಮೇಲೆ ಮೆಲ್ಲಗೆ ಇಳಿಯುತ್ತೆ. ಕಳ್ಳ ಜಾರಿಕೊಳ್ಳೋ ಹಾಗೆ. ಅದು ಬರಿಗಾಲಿಗೆ ಮಾತ್ರ ಗೊತ್ತಾಗೋದು."

ಇಲ್ಲಿಗೆ ಬರುವುದೆಲ್ಲ ವಯಸ್ಸಾದ ಗಾಡಿಗಳೇ. ಹದಿನೈದು ವರ್ಷದ್ದು, ಇಪ್ಪತ್ತರದ್ದು, ಮಾಲೀಕನಿಗಿಂತ ಮೊದಲೇ ನರೆತದ್ದು. ಮೇಲೆ ನೋಡಿದರೆ ಮಿರಿಮಿರಿ ಮಿಂಚುತ್ತವೆ. ಭಾನುವಾರ ಬಂತೆಂದರೆ ಗಂಟೆಗಟ್ಟಲೆ ಬಾನೆಟ್ ಉಜ್ಜುತ್ತಾರಲ್ಲ, ಆ ಪುಣ್ಯಾತ್ಮರಲ್ಲಿ ಒಬ್ಬರಾದರೂ ಬಗ್ಗಿ ಹೊಟ್ಟೆಯ ಕೆಳಗೆ ಇಣುಕುತ್ತಾರೆಯೇ? ಅಲ್ಲಿ, ಕಿರುಬೆರಳಿಗಿಂತ ತೆಳುವಾದ ಉಕ್ಕಿನ ಪೈಪು ಮುಂದಿನಿಂದ ಹಿಂದಿನವರೆಗೆ ಹಾದುಹೋಗಿರುತ್ತದೆ. ಅದನ್ನು ಅಲ್ಲಲ್ಲಿ ಕ್ಲಿಪ್ಪು ಹಾಕಿ ಕಚ್ಚಿಸಿರುತ್ತಾರೆ. ಕ್ಲಿಪ್ಪಿನ ಸಂದಿಯಲ್ಲಿ ಕೆಸರು ಕೂತು, ಕೆಸರಿನಲ್ಲಿ ನೀರು ಕೂತು, ವರ್ಷಗಟ್ಟಲೆ ಸದ್ದಿಲ್ಲದೆ ತುಕ್ಕು ತಿನ್ನುತ್ತದೆ. ಸಾಲದ್ದಕ್ಕೆ ಬ್ರೇಕ್ ಎಣ್ಣೆಗೂ ಗಾಳಿಯ ತೇವ ಹೀರುವ ಚಟ. ಹೊರಗಿನಿಂದಲೂ ತುಕ್ಕು, ಒಳಗಿನಿಂದಲೂ ತುಕ್ಕು. ಕೊನೆಗೊಂದು ದಿನ ಬೆವರಿನಂತೆ ಎಣ್ಣೆ ಜಿನುಗಲು ಶುರುವಾಗುತ್ತದೆ. ಬಾನೆಟ್ಟಿನ ಕೆಳಗಿನ ಎಣ್ಣೆ ಡಬ್ಬಿಯಲ್ಲಿ ಮಟ್ಟ ಮೇಲಿನ ಗೆರೆಯಿಂದ ಇಳಿಯುತ್ತದೆ. ಗಾಡಿ ತನ್ನ ಸಂಕಟ ಹೇಳಿಕೊಳ್ಳುವುದು ಆ ಗೆರೆಯ ಮೂಲಕವೇ.

ಅದಕ್ಕೇ ಈ ಗ್ಯಾರೇಜಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಸೊಟ್ಟಸೊಟ್ಟಗೆ ಒಂದು ಸಾಲು ಬರೆದಿದೆ: ‘ಬ್ರೇಕ್ ಎಣ್ಣೆ ಮೇಲಿಂದ ಹಾಕಿ ಕಳಿಸುವುದಿಲ್ಲ. ಕೆಳಗೆ ನೋಡಿಯೇ ಹಾಕುವುದು.’ ಬರೆದದ್ದು ಪೆಡಲಕ್ಕ. ಎಣ್ಣೆಯ ಬಾಟಲಿಗಳು ಕಬ್ಬಿಣದ ಬೀರುವಿನಲ್ಲಿವೆ, ಬೀರುವಿನ ಬೀಗದಕೈ ದಾರದಲ್ಲಿ ಆಕೆಯ ಕೊರಳಲ್ಲಿದೆ. ತಮ್ಮನೂ ಕೇಳಿಯೇ ತೆಗೆದುಕೊಳ್ಳಬೇಕು. "ಅಷ್ಟು ಎಣ್ಣೆಗೆ ಇಷ್ಟೊಂದು ಜೋರಾ?" ಅಂತ ಮೂಗು ಮುರಿದು, ಎದುರಿನ ಅಂಗಡಿಯಲ್ಲಿ ಬಾಟಲಿ ಕೊಂಡು, ರಸ್ತೆಯಲ್ಲೇ ಸುರಿದುಕೊಂಡು ಹೋಗುವವರಿಗೆ ಬರವಿಲ್ಲ. ಹಾಗೆ ಒಂದು ಗಾಡಿ ಹೋದ ದಿನ ಪೆಡಲಕ್ಕನಿಗೆ ಊಟ ಸೇರುವುದಿಲ್ಲ. ಹೋದ ವಾರ ಒಂದು ಹಸಿರು ಕಾರು ಹೋಯಿತು. ಇನ್ನೂ ಈ ದಾರಿಯಲ್ಲಿ ಕಂಡಿಲ್ಲ. ಆ ಮನುಷ್ಯ ಬೇರೆ ದಾರಿ ಹಿಡಿದಿರಬಹುದು, ಗಾಡಿ ಮಾರಿರಬಹುದು. ಆಕೆಯ ತಲೆಗೆ ಮಾತ್ರ ಬೇರೆಯದೇ ಬರುತ್ತದೆ.

ಯಾಕೆ ಹೀಗೆ ಅಂತ ಕೇಳಿದರೆ ಒಂದಿಷ್ಟು ಹೇಳುತ್ತಾರೆ. ಗಂಡ ಬಾಡಿಗೆ ಕಾರು ಓಡಿಸುತ್ತಿದ್ದರು. ಸ್ವಂತದ್ದೇ, ಆದರೆ ಮೂರನೇ ಕೈಯಿಂದ ಕೊಂಡದ್ದು. ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ, ತಿರುವಿಗೆ ನೂರು ಹೆಜ್ಜೆ ಮೊದಲು, ಪೆಡಲ್ ನೆಲಕ್ಕೆ ಹೋಯಿತು. ಉಗ್ರಾಣದ ಗೋಡೆಗೆ ಗಾಡಿ ಗುದ್ದಿತು. "ಬ್ರೇಕ್ ಕೈಕೊಡ್ತು," ಅನ್ನುತ್ತಾರೆ. "ಕಾರಲ್ಲಿ ಬೇರೆ ಯಾರೂ ಇರ್ಲಿಲ್ಲ, ಅದೊಂದು ಸಮಾಧಾನ ಅಂದ್ರು ಬಂದೋರೆಲ್ಲ. ಯಾರಿಗೆ ಸಮಾಧಾನ?" ಬಿಳಿ ಕಾರಿನ ಕೆಳಗೆ ಸ್ಪ್ಯಾನರಿನ ಸದ್ದು ಸ್ವಲ್ಪ ಜೋರಾಗುತ್ತದೆ.

ಅಂತ್ಯಕ್ರಿಯೆಯಾಗಿ ತಿಂಗಳು ಕಳೆಯುವಷ್ಟರಲ್ಲಿ ಆಕೆ ಇಲ್ಲಿಗೆ ಬಂದು ಕೂತರು. ಅದಕ್ಕೆ ಮೊದಲು ಬಟ್ಟೆ ಇಸ್ತ್ರಿ ಮಾಡಿಕೊಡುತ್ತಿದ್ದವರು. "ಕಾರು ಕಂಡ್ರೆ ಆಗ್ತಿರ್ಲಿಲ್ಲ ಆಗ. ಆದ್ರೂ ಬಂದೆ. ಇವನಿಗೆ ಪೆಡಲ್ ಒತ್ತೋಕೆ ಒಬ್ರು ಬೇಕಾಗಿತ್ತು," ಅನ್ನುವುದು ಆಕೆಯ ವಿವರಣೆ. ತಮ್ಮ ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕಾರಿನ ಕೆಳಗೆ ಮಲಗಿ ‘ಒತ್ತು’ ಅಂದ, ಅಷ್ಟೇ. ಅಕ್ಕ-ತಮ್ಮ ಅಂದಿನಿಂದ ಒಂದೇ ಸೂರಿನ ಕೆಳಗೆ ದಿನಕ್ಕೆ ಹತ್ತು ಗಂಟೆ ಕಳೆಯುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವುದು ಚಹಾ ಕುಡಿಯುವಾಗ ಮಾತ್ರ. ಆಡುವುದೂ ಆ ಮೂರೇ ಮಾತು. ಗೋಡೆಗೆ ಗುದ್ದಿದ ಆ ಕಾರಿನ ಸುದ್ದಿ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವರ ನಡುವೆ ಬಂದಿಲ್ಲ.

ಎಂಟೂವರೆಗೆ ಬೂದು ಬಣ್ಣದ ಕಾರೊಂದು ಬಂದು ಶಟರಿನ ಮುಂದೆ ನಿಲ್ಲುತ್ತದೆ. ನಿಲ್ಲಬೇಕಾದ ಜಾಗಕ್ಕಿಂತ ಮೂರಡಿ ಮುಂದೆ. ಪೆಡಲಕ್ಕನ ಕಣ್ಣಿಗೆ ಆ ಮೂರಡಿ ಬೀಳದೆ ಇರುವುದಿಲ್ಲ. ಇಳಿದವರು ಭೂಗೋಳ ಕಲಿಸುತ್ತಿದ್ದ ನಿವೃತ್ತ ಮೇಷ್ಟ್ರು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ, ಕಾಲ ಮೇಲೆ ಶಾಲು ಹೊದ್ದು ಕೂತಿದ್ದಾರೆ. ವಾರಕ್ಕೆ ಮೂರು ದಿನ ಆಕೆಗೆ ಡಯಾಲಿಸಿಸ್. ಹತ್ತು ಗಂಟೆಗೆ ಆಸ್ಪತ್ರೆಯಲ್ಲಿರಬೇಕು. ಆಸ್ಪತ್ರೆ ಇರುವುದು ನೀರಿನ ಟ್ಯಾಂಕಿನ ಆಚೆ, ದಿಬ್ಬದ ಮೇಲೆ. ವಾಪಸು ಬರುವಾಗ ಅದೇ ಇಳಿಜಾರು.

"ಸ್ವಲ್ಪ ಬ್ರೇಕ್ ಎಣ್ಣೆ ಹಾಕಿ ಕಳಿಸಿಬಿಡಿ," ಅನ್ನುತ್ತಾರೆ ಮೇಷ್ಟ್ರು. "ಮನೇಲಿದ್ದ ಬಾಟ್ಲಿ ಖಾಲಿಯಾಯ್ತು. ಗೆರೆ ಇಳಿದಿದೆ, ಅಷ್ಟೇ. ಬೇರೇನೂ ತೊಂದರೆ ಇಲ್ಲ."

ಪೆಡಲಕ್ಕ ಗೋಡೆಯ ಕಡೆ ಕೈ ತೋರಿಸುತ್ತಾರೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿ, "ಇದೊಳ್ಳೆ ಕಥೆಯಾಯ್ತಲ್ಲ," ಅಂತ ಎದುರಿನ ಅಂಗಡಿಯ ಕಡೆ ತಿರುಗುತ್ತಾರೆ. ಅದರ ಬಾಗಿಲು ಅದೇ ತಾನೇ ತೆರೆಯುತ್ತಿದೆ.

"ಒಂದೇ ನಿಮಿಷ ಸರ್. ಒಂದು ನಿಮಿಷ ಕೂತು ನೋಡ್ತೀನಿ. ಆಮೇಲೆ ನೀವುಂಟು ನಿಮ್ಮ ಗಾಡಿಯುಂಟು," ಅನ್ನುತ್ತಾ ಪೆಡಲಕ್ಕ ಉತ್ತರಕ್ಕೂ ಕಾಯದೆ ಚಪ್ಪಲಿ ಬಿಟ್ಟು ಸೀಟಿನಲ್ಲಿ ಕೂತುಬಿಡುತ್ತಾರೆ. ಪೆಡಲ್ ಒತ್ತಿ ಹಿಡಿದು ಎಣಿಸತೊಡಗುತ್ತಾರೆ. ಒಳ್ಳೆಯ ಬ್ರೇಕು ಅರವತ್ತು ಎಣಿಸುವವರೆಗೂ ಅಲ್ಲಾಡಬಾರದು. ಹದಿನೆಂಟಕ್ಕೆ ಆಕೆಯ ದನಿ ನಿಲ್ಲುತ್ತದೆ. ಪೆಡಲ್ ಇಳಿಯುತ್ತಿದೆ, ಕಳ್ಳನ ಹಾಗೆ.

"ಸೋರ್ತಿದೆ ಸರ್."

"ಸೋರಿದ್ರೆ ನೆಲದ ಮೇಲೆ ಕಾಣಬೇಕಲ್ಲ?"

"ಗಾಡಿ ನಿಂತಾಗ ಸೋರಲ್ಲ ಅದು. ನೀವು ಒತ್ತಿದಾಗ ಸೋರುತ್ತೆ. ನೀವು ಒತ್ತೋದು ರಸ್ತೇಲಿ, ಚೆಲ್ಲೋದೂ ರಸ್ತೇಲಿ."

ಮೇಷ್ಟ್ರು ಕೈಗಡಿಯಾರ ನೋಡಿಕೊಳ್ಳುತ್ತಾರೆ. ನಾಳೆ ಖಂಡಿತ ತಂದುಬಿಡುತ್ತೇನೆ, ಇವತ್ತೊಂದು ದಿನ ಎಣ್ಣೆ ಹಾಕಿಕೊಂಡು ಹೋಗುತ್ತೇನೆ, ಮೂರು ತಿಂಗಳಿಂದ ಹಾಗೇ ಓಡಿಸುತ್ತಿಲ್ಲವೇ, ಏನೂ ಆಗುವುದಿಲ್ಲ ಅನ್ನುತ್ತಾರೆ. ಅವರದೂ ತಪ್ಪಲ್ಲ ಬಿಡಿ. ತಪ್ಪಿಸುವ ಹಾಗಿಲ್ಲದ ಆಸ್ಪತ್ರೆ, ಹೋಗಲೇಬೇಕಾದ ಹೊತ್ತು. ಪೆಡಲಕ್ಕ ಸೀಟಿನಿಂದ ಏಳುವುದಿಲ್ಲ. ಕನ್ನಡಿಯಲ್ಲಿ ಹಿಂದೆ ಕೂತ ಹೆಂಗಸನ್ನು ನೋಡುತ್ತಾರೆ.

"ಅಮ್ಮಾ, ಮನೇಲಿ ಎಣ್ಣೆ ಹಾಕ್ತಿದ್ದೋರು ಯಾರು?"

"ನಾನೇ," ಅನ್ನುತ್ತಾರೆ ಆ ತಾಯಿ. "ಇವರಿಗೆ ಬೆನ್ನು ನೋವು, ಬಗ್ಗೋಕಾಗಲ್ಲ. ಹೊರಡೋ ಮೊದಲು ನಾನೇ ನೋಡಿ ಮೇಲಿನ ಗೆರೆವರೆಗೆ ತುಂಬ್ತೀನಿ. ನನ್ನಿಂದ ಇವರಿಗೆ ಎಷ್ಟು ಓಡಾಟ. ಅಷ್ಟಾದ್ರೂ ಮಾಡಬೇಡ್ವಾ?"

ಪೆಡಲಕ್ಕ ಕೊರಳಿನ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾರೆ. ಆಮೇಲೆ ಹನ್ನೊಂದು ವರ್ಷ ಯಾರ ಮುಂದೆಯೂ ಆಡದ ಮಾತನ್ನು, ಹೆಸರೂ ಗೊತ್ತಿಲ್ಲದ ಒಬ್ಬ ಕಾಯಿಲೆಯ ಹೆಂಗಸಿಗೆ, ಕನ್ನಡಿಯಲ್ಲಿ ನೋಡುತ್ತಲೇ ಹೇಳುತ್ತಾರೆ.

"ನಾನೂ ಹಾಕ್ತಿದ್ದೆ ಅಮ್ಮಾ. ನಮ್ಮೋರು ಸ್ನಾನ ಮಾಡಿ ಬರೋಷ್ಟರಲ್ಲಿ ಬಾನೆಟ್ ಎತ್ತಿ, ಒರೆಸಿ, ಗೆರೆವರೆಗೆ ತುಂಬಿ ಇಟ್ಟಿರ್ತಿದ್ದೆ. ಮಗೂಗೆ ಹಾಲು ಹಾಕೋ ಹಾಗೆ. ಅವರಿಗೆ ಹೇಳ್ತಾನೂ ಇರ್ಲಿಲ್ಲ. ಇಷ್ಟಕ್ಕೆಲ್ಲ ಯಾಕೆ ಅವರ ತಲೆ ಕೆಡಿಸೋದು ಅಂತ. ಗೆರೆ ಇಳಿದಿದ್ರೆ ಅವರೇ ನೋಡ್ತಿದ್ರು. ಮೀಟರಿನ ಪಕ್ಕದ ಕೆಂಪು ದೀಪನಾದ್ರೂ ಹತ್ತಿಕೊಳ್ತಿತ್ತು. ಎರಡಕ್ಕೂ ನಾನು ಬಿಡಲಿಲ್ಲ. ಗಾಡಿ ದಿನಾ ಕೂಗಿ ಹೇಳ್ತಿತ್ತು, ನಾನು ದಿನಾ ಅದರ ಬಾಯಿ ಮುಚ್ಚಿಸ್ತಿದ್ದೆ. ಆವತ್ತು ಬೆಳಿಗ್ಗೆನೂ ಹಾಕಿದ್ದೆ. ತುಂಬಾನೇ ಹಾಕಿದ್ದೆ."

ಬಿಳಿ ಕಾರಿನ ಕೆಳಗೆ ಸ್ಪ್ಯಾನರಿನ ಸದ್ದು ಪೂರ್ತಿ ನಿಂತಿದೆ. ಹೊರಗೆ ಚಾಚಿದ ಎರಡು ಬೂಟುಗಾಲು ಅಲ್ಲಾಡುತ್ತಿಲ್ಲ.

ಮೊದಲು ಮಾತಾಡಿದವರು ಮೇಷ್ಟ್ರ ಹೆಂಡತಿ. "ರೀ, ಟ್ಯಾಕ್ಸಿ ಕರೀರಿ."

"ಹತ್ತು ಗಂಟೆಗೆ ಅಲ್ಲಿ..."

"ಅಲ್ಲಿ ಕಾಯ್ತಾರೆ. ಮೂವತ್ತೆರಡು ವರ್ಷ ಯಾವ ನದಿ ಎಲ್ಲಿ ಹುಟ್ಟುತ್ತೆ, ಎಲ್ಲಿಗೆ ಹೋಗಿ ಸೇರುತ್ತೆ ಅಂತ ಪಾಠ ಮಾಡಿದ್ರಿ. ಮೂರು ತಿಂಗಳಿಂದ ಸುರಿದ ಎಣ್ಣೆ ಎಲ್ಲಿಗೆ ಹೋಯ್ತು ಅಂತ ನೀವೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಕರೀರಿ ಅಂದೆನಲ್ಲ."

ಮೇಷ್ಟ್ರು ನಾಲಿಗೆ ಕಚ್ಚಿಕೊಂಡು ಫೋನ್ ತೆಗೆಯುತ್ತಾರೆ. ಟ್ಯಾಕ್ಸಿ ಹತ್ತುವಾಗ ಆ ತಾಯಿ ಪೆಡಲಕ್ಕನ ಕೈ ಹಿಡಿದು ಎರಡು ಸಲ ಒತ್ತಿ ಹೊರಟುಹೋಗುತ್ತಾರೆ.

ಬೂದು ಕಾರನ್ನು ಎತ್ತಿ ನಿಲ್ಲಿಸಿದಾಗ ತಮ್ಮ ಹುಡುಕಬೇಕಾದ್ದೇನೂ ಇರುವುದಿಲ್ಲ. ಹಿಂದಿನ ಚಕ್ರಗಳಿಗಿಂತ ಸ್ವಲ್ಪ ಮುಂದೆ, ಮೂರನೇ ಕ್ಲಿಪ್ಪಿನ ಹತ್ತಿರ ಪೈಪು ಒದ್ದೆಯಾಗಿದೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟರೆ ಕರಗಿ ಒಂದಾಗುತ್ತದೆ, ಬ್ರೇಕ್ ಎಣ್ಣೆಯೇ ಅದು. ಎಂಜಿನ್ ಎಣ್ಣೆಯಾಗಿದ್ದರೆ ನೀರಿನೊಡನೆ ಸೇರುತ್ತಿರಲಿಲ್ಲ. ಉಗುರಿನಿಂದ ಕೆರೆದರೆ ತುಕ್ಕು ಹಪ್ಪಳದಂತೆ ಏಳುತ್ತದೆ. ಸ್ಕ್ರೂ ಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾನೆ, ಪೈಪು ಎರಡು ತುಂಡಾಗಿ ಕೈಗೆ ಬರುತ್ತದೆ. ಒಂದು ತುಂಡನ್ನು ಮೇಲಕ್ಕೆ ಚಾಚುತ್ತಾನೆ. ಅಕ್ಕ ತೆಗೆದುಕೊಂಡು ಬೀರುವಿನ ಪಕ್ಕದ ತಗಡಿನ ಡಬ್ಬಕ್ಕೆ ಹಾಕುತ್ತಾರೆ. ಡಬ್ಬದಲ್ಲಿ ಇಂಥ ತುಂಡುಗಳು ಮುಕ್ಕಾಲು ತುಂಬಿವೆ. ಒಂದೊಂದೂ ಒಂದೊಂದು ಗಾಡಿಯದು, ಗೋಡೆಗೆ ಗುದ್ದದೆ ಉಳಿದದ್ದು.

"ಎಷ್ಟಿವೆ ಇದರಲ್ಲಿ?" ಅಂತ ಕೇಳಿದರೆ ಪೆಡಲಕ್ಕ ತಲೆ ಅಲ್ಲಾಡಿಸುತ್ತಾರೆ.

"ಎಣಿಸಿಲ್ಲ. ಎಷ್ಟಿದ್ರೂ ಒಂದು ಕಮ್ಮಿನೇ ಅಲ್ವಾ?"

ಹೊಸ ಪೈಪನ್ನು ಅಳೆದು, ಬಗ್ಗಿಸಿ, ತುದಿ ಅರಳಿಸಿ ಕೂರಿಸುವಷ್ಟರಲ್ಲಿ ಮಧ್ಯಾಹ್ನ ಎರಡಾಗುತ್ತದೆ. ಇಬ್ಬರೂ ಊಟಕ್ಕೆ ಕೂತಿಲ್ಲ. ಮಧ್ಯೆ ಒಮ್ಮೆ ಆಸೆ ಏನಾದರೂ ಇದೆಯೇ ಅಂತ ಕೇಳಿದ್ದಕ್ಕೆ ಪೆಡಲಕ್ಕ ಯೋಚಿಸಿ, "ಗಾಡಿ ತೊಳೆಯೋರು ಒಂದ್ಸಲ ಬಗ್ಗಿ ಕೆಳಗೂ ನೋಡ್ಲಿ. ಆಮೇಲೆ ನನ್ನ ಮಂಡಿಗೆ ರಜಾ ಸಿಕ್ಕರೆ ಸಿಗಲಿ," ಅಂದರು. ಒಬ್ಬರೇ ಗಾಳಿ ತೆಗೆಯುವ ಯಂತ್ರ ಬಂದಿದೆಯಂತೆ. ತಮ್ಮ ಎರಡು ವರ್ಷದ ಹಿಂದೆಯೇ ತಂದಿದ್ದಾನೆ. ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆ, ಟೇಪು ಕೂಡ ಬಿಚ್ಚಿಲ್ಲ.

ಗಾಳಿ ತೆಗೆಯುವ ಕೆಲಸ ಶುರುವಾಗುತ್ತದೆ. ಪೆಡಲಿನಿಂದ ಅತಿ ದೂರದ ಚಕ್ರ ಮೊದಲು. ಒತ್ತು, ಒತ್ತಿದೆ. ಹಿಡಿ, ಹಿಡಿದೆ. ಬಿಡು, ಬಿಟ್ಟೆ. ಹತ್ತು ಸಲ, ಹನ್ನೆರಡು ಸಲ. ಗುಳ್ಳೆಗಳು ಕಮ್ಮಿಯಾಗುತ್ತವೆ. ಹದಿಮೂರನೇ ಸಲ ‘ಹಿಡಿ’ ಅಂದ ತಮ್ಮ ‘ಬಿಡು’ ಅನ್ನುವುದಿಲ್ಲ.

ಪೆಡಲಕ್ಕ ಹಿಡಿದೇ ಕೂತಿದ್ದಾರೆ. ಕೆಳಗಿನಿಂದ ದನಿ ಬರುವುದು ಬಹಳ ಹೊತ್ತಿನ ಮೇಲೆ.

"ಅಕ್ಕಾ."

"ಏನೋ?"

"ಆ ಬಾಟ್ಲಿ ಕೊಟ್ಟೋನು ನಾನು."

ಪೆಡಲಕ್ಕನ ಕೈ ಕೊರಳಿನ ಬೀಗದಕೈಗೆ ಹೋಗುತ್ತದೆ.

"ಎಣ್ಣೆ ಇಳೀತಿದೆ ಕಣೋ ಅಂತ ನೀನು ಬಂದಿದ್ದೆ. ನಾನು ಹೀಗೇ ಕೆಳಗೆ ಮಲಗಿದ್ದೆ, ಯಾರದೋ ಗಾಡಿ ಅರ್ಜೆಂಟಿತ್ತು. ತಲೇನೂ ಹೊರಗೆ ಹಾಕ್ಲಿಲ್ಲ. ಬಾಟ್ಲಿ ತಳ್ಳಿ, ಗೆರೆಗಿಂತ ಕೆಳಗೆ ಬಂದ್ರೆ ಹಾಕ್ತಿರು ಅಂದೆ. ಭಾವನ ಗಾಡಿ ತಾನೆ, ಮನೇದು, ನಿಧಾನಕ್ಕೆ ನೋಡಿದ್ರಾಯ್ತು ಅಂದ್ಕೊಂಡೆ." ಸ್ಪ್ಯಾನರು ನೆಲಕ್ಕೆ ಇಟ್ಟ ಸದ್ದು. "ಒಂದ್ಸಲ ಕೆಳಗೆ ತೂರಿ ನೋಡಿದ್ರೆ ಸಾಕಾಗಿತ್ತು ಅಕ್ಕಾ. ಅದರಲ್ಲೂ ಇದೇ ಮೂರನೇ ಕ್ಲಿಪ್ಪಿನ ಹತ್ರಾನೇ ಪೈಪು ಒಡೆದಿತ್ತು."

"ಗೊತ್ತು ಕಣೋ," ಅನ್ನುತ್ತಾರೆ ಪೆಡಲಕ್ಕ.

"ಗೊತ್ತಿದ್ದೂ ಬಂದು ಕೂತ್ಯಾ?"

"ನೀನೊಬ್ಬನೇ ಕೆಳಗೆ ಮಲಗಿ ಏನೇನು ಯೋಚ್ನೆ ಮಾಡ್ತೀಯೋ ಅಂತ ಬಂದು ಕೂತೆ. ನನಗೂ ಮನೇಲಿ ಒಬ್ಬಳೇ ಇರೋಕಾಗ್ತಿರ್ಲಿಲ್ಲ."

ಬೀದಿಯಲ್ಲಿ ಯಾವುದೋ ಗಾಡಿ ಕಿರ್ರನೆ ಬ್ರೇಕ್ ಹಾಕಿ ಮುಂದೆ ಹೋಗುತ್ತದೆ. ಪೆಡಲಕ್ಕನ ಮಂಡಿ ಅದುರಲು ಶುರುವಾಗಿದೆ. ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದುಕೊಂಡಿದ್ದಾರೆ. ಕಾಲು ಮಾತ್ರ ಎತ್ತಿಲ್ಲ.

"ತಿರುಪು ಮುಚ್ಚಿದ್ಯೋ ಇಲ್ವೋ? ಕಾಲು ನಡುಗ್ತಿದೆ ಕಣೋ."

"ಮುಚ್ಚಿ ಆಗ್ಲೇ ಎಷ್ಟೊತ್ತಾಯ್ತು."

"ಮತ್ತೆ, ಹೇಳಬಾರದೇನೋ?"

ಕೆಳಗೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಹನ್ನೊಂದು ವರ್ಷದಿಂದ ದಿನಕ್ಕೆ ನೂರಾರು ಸಲ ಅಂದ ಅದೇ ಮಾತು, ಬೇರೆ ದನಿಯಲ್ಲಿ.

"ಬಿಡಕ್ಕಾ."

ಪೆಡಲಕ್ಕ ಮೆಲ್ಲಗೆ ಕಾಲೆತ್ತುತ್ತಾರೆ. ಪೆಡಲ್ ಮೇಲೆ ಬರುತ್ತದೆ. ಎಂದಿನಂತೆ ತಕ್ಷಣ ಬರಬೇಕಾದ ಉತ್ತರ ಬರುವುದಿಲ್ಲ. ಕೆಳಗಿನವನು ಕಾಯುತ್ತಾನೆ, ಕಾದು ಕೇಳುತ್ತಾನೆ.

"ಬಿಟ್ಯಾ?"

"ಕಾಲಂತೂ ಬಿಟ್ಟೆ ಕಣೋ," ಅನ್ನುತ್ತಾರೆ ಪೆಡಲಕ್ಕ. "ನಡಿ, ಮುಂದಿನ ಚಕ್ರಕ್ಕೆ ಹೋಗು."